ಗಂಟು ಬಿಚ್ಚಿದ್ದು ಹಕ್ಕಿಗಳಲ್ಲ

ಅತುಲ್ ಗವಾಂಡೆಯವರ ‘ಬೀಯಿಂಗ್ ಮಾರ್ಟಲ್’ 2014ರಲ್ಲಿ ಬಂದ ಪುಸ್ತಕ. ನಮ್ಮ ಆಫೀಸಿನಲ್ಲಿ ಅದು ಇವತ್ತಿಗೂ ಕೈಯಿಂದ ಕೈಗೆ ಓಡಾಡುತ್ತಿದೆ. ಯಾರದಾದರೂ ಅಪ್ಪನಿಗೆ ಸ್ಟ್ರೋಕ್ ಆಯಿತು, ಅಮ್ಮನಿಗೆ ಮರೆವು ಶುರುವಾಯಿತು ಅಂದ ಕೂಡಲೇ ಇನ್ನೊಬ್ಬರು ‘ಇದನ್ನ ಓದು ಮಗಾ’ ಅಂತ ತಂದು ಮೇಜಿನ ಮೇಲೆ ಇಡುತ್ತಾರೆ. ನಾನೂ ಓದಿದ್ದೇನೆ, ಎರಡು ಸಲ. ಒಳ್ಳೆಯ ಪುಸ್ತಕ, ಅದರಲ್ಲಿ ಅನುಮಾನ ಇಲ್ಲ. ಆದರೂ ನನ್ನದೊಂದು ತಕರಾರು ಇದೆ.

ಓದದೇ ಇರುವವರಿಗೆ ಎರಡು ಮಾತು. ಗವಾಂಡೆ ಬಾಸ್ಟನ್ನಿನ ಸರ್ಜನ್. ಅವರ ಅಪ್ಪ ಮಹಾರಾಷ್ಟ್ರದ ಉಟಿ ಅನ್ನೋ ಹಳ್ಳಿಯವರು. ಅಜ್ಜ ಸೀತಾರಾಮ ಗವಾಂಡೆ ಹೆಚ್ಚುಕಮ್ಮಿ 110 ವರ್ಷ ಬದುಕಿದರು. ನೂರು ದಾಟಿದ ಮೇಲೂ ರಾತ್ರಿ ಕುದುರೆ ಹತ್ತಿ ಹೊಲ ನೋಡಿಕೊಂಡು ಬರುತ್ತಿದ್ದರಂತೆ. ಇದೇ ಅಜ್ಜ ಅಮೆರಿಕದಲ್ಲಿ ಇದ್ದಿದ್ದರೆ ಡಾಕ್ಟರುಗಳು ನರ್ಸಿಂಗ್ ಹೋಮಿಗೆ ಕಳಿಸುತ್ತಿದ್ದರು ಅಂತ ಮೊಮ್ಮಗ ಬರೆಯುತ್ತಾರೆ. ಇಲ್ಲೊಂದು ಸಣ್ಣ ವಿವರಣೆ ಬೇಕು. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಶನ್ನಿಗೋ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ. ಬೆಂಗಳೂರಿನಲ್ಲಿ ಈಗ ‘ಎಲ್ಡರ್ ಕೇರ್’, ‘ಅಸಿಸ್ಟೆಡ್ ಲಿವಿಂಗ್’ ಅಂತ ಬೋರ್ಡು ಹಾಕಿಕೊಂಡು ಬಡಾವಣೆಗೊಂದರಂತೆ ಏಳುತ್ತಿರುವುದು ಆ ಜಾತಿಯವು.

ಪುಸ್ತಕದ ಮೂರನೇ ಅಧ್ಯಾಯ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಇಂಥ ಹೋಮ್‌ಗಳು ಹುಟ್ಟಿದ್ದು ವಯಸ್ಸಾದವರಿಗೆ ಒಳ್ಳೆಯ ಬದುಕು ಕೊಡೋಣ ಅಂತ ಅಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಮಾಡಬೇಕಿತ್ತು, ವಾಸಿಯಾಗದ ಮುದುಕರನ್ನು ಇಡಲು ಬೇರೆ ಕಟ್ಟಡ ಬೇಕಿತ್ತು, ಹಾಗೆ ಹುಟ್ಟಿಕೊಂಡವು ಅನ್ನುತ್ತಾರೆ ಗವಾಂಡೆ. ಹುಟ್ಟಿನಲ್ಲೇ ಇದ್ದ ತಪ್ಪನ್ನು ಇಷ್ಟು ನೇರವಾಗಿ ತೋರಿಸಿದವರು ಕಡಿಮೆ.

ಆದರೆ ಓದಿದವರನ್ನು ಕೇಳಿ ನೋಡಿ, ಎಲ್ಲರ ನೆನಪಲ್ಲೂ ಉಳಿದಿರುವುದು ಐದನೇ ಅಧ್ಯಾಯ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಅನ್ನೋ ಊರಿನ ಚೇಸ್ ಮೆಮೋರಿಯಲ್ ನರ್ಸಿಂಗ್ ಹೋಮಿಗೆ ಬಿಲ್ ಥಾಮಸ್ ಎಂಬ ಯುವ ಡಾಕ್ಟರ್ ಬರುತ್ತಾರೆ. ಬೇಸರ, ಒಂಟಿತನ, ಅಸಹಾಯಕತೆ, ಈ ಮೂರೇ ಇಲ್ಲಿನ ರೋಗ ಅಂತ ತೀರ್ಮಾನಿಸಿ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿ ತರಿಸುತ್ತಾರೆ. ಹಕ್ಕಿ ಬಂದ ದಿನ ಪಂಜರ ಬಂದಿರುವುದಿಲ್ಲ, ತಂದವನು ಹಕ್ಕಿಗಳನ್ನು ಒಂದು ಕೋಣೆಯೊಳಗೆ ಬಿಟ್ಟು ಹೋಗಿಬಿಡುತ್ತಾನೆ. ಓದುತ್ತಾ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. ಮುದುಕರು ಮಾತಾಡಲು ಶುರು ಮಾಡುತ್ತಾರೆ, ನಾಯಿ ಕರೆದುಕೊಂಡು ಓಡಾಡುತ್ತಾರೆ, ಔಷಧಿ ಅರ್ಧಕ್ಕೆ ಇಳಿಯುತ್ತದೆ. ಅದೆಲ್ಲ ನಿಜ.

ನನ್ನ ತಕರಾರು ಇಷ್ಟೇ. ಚೇಸ್‌ನಲ್ಲಿ ಹಕ್ಕಿ ಹಾರುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ದೇಶದ ಸಾವಿರಾರು ಹೋಮ್‌ಗಳಲ್ಲಿ ಇನ್ನೂ ದೊಡ್ಡದೊಂದು ಕೆಲಸ ನಡೆಯುತ್ತಿತ್ತು. ಮಂಚಕ್ಕೂ ಕುರ್ಚಿಗೂ ಕಟ್ಟಿಹಾಕಿದ್ದ ಲಕ್ಷಾಂತರ ಮುದುಕರ ಗಂಟು ಬಿಚ್ಚುವ ಕೆಲಸ. ಅದಕ್ಕೆ ಈ ಪುಸ್ತಕದಲ್ಲಿ ಒಂದು ಅಧ್ಯಾಯ ಇಲ್ಲ. ಕಾಲಕ್ರಮೇಣ ನಿಯಮ ಬಿಗಿಯಾಯಿತು ಅನ್ನುವ ಧಾಟಿಯಲ್ಲಿ ದಾಟಿಕೊಂಡು ಹೋಗುತ್ತದೆ.

1980ರ ದಶಕದ ಕೊನೆಯಲ್ಲಿ ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಹತ್ತು ಜನರಲ್ಲಿ ಸುಮಾರು ನಾಲ್ವರನ್ನು ಕಟ್ಟಲಾಗುತ್ತಿತ್ತು. ಎದೆಗೆ ಜಾಕೆಟ್ಟಿನಂಥದ್ದು ತೊಡಿಸಿ ಅದರ ಪಟ್ಟಿಯನ್ನು ಕುರ್ಚಿ ಹಿಂದೆ ಬಿಗಿಯುವುದು, ಸೊಂಟಕ್ಕೆ ಬೆಲ್ಟು, ಮಣಿಕಟ್ಟಿಗೆ ಬಟ್ಟೆ. ಕಾರಣ ಕೇಳಿದರೆ ಒಂದೇ ಉತ್ತರ: ಬೀಳಬಾರದು ಅಂತ. ಕ್ರೂರಿಗಳೇನಲ್ಲ ಅವರು. ಕಟ್ಟದೇ ಬಿಟ್ಟು ಬಿದ್ದು ಸೊಂಟ ಮುರಿದರೆ ಮನೆಯವರು ಕೇಸು ಹಾಕುತ್ತಾರೆ ಅನ್ನುವ ಭಯ ಎಲ್ಲರಿಗೂ ಇತ್ತು.

ಕಟ್ಟಿದರೆ ಬೀಳೋದು ತಪ್ಪುತ್ತದೆಯೇ? ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟಿ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ ನೋಡಿದರು. 12 ಹೋಮ್‌ಗಳ 397 ಜನ, ಶುರುವಿನಲ್ಲಿ ಅವರಲ್ಲಿ ಯಾರನ್ನೂ ಕಟ್ಟಿರಲಿಲ್ಲ. ಒಂದು ವರ್ಷ ಹಿಂಬಾಲಿಸಿದರು. ಕಟ್ಟದೇ ಉಳಿದವರಲ್ಲಿ ನೂರಕ್ಕೆ 5 ಜನ ಬಿದ್ದು ಗಂಭೀರ ಗಾಯ ಮಾಡಿಕೊಂಡರು. ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 17. ಕಟ್ಟಿಸಿಕೊಂಡವರು ಮೊದಲೇ ಹೆಚ್ಚು ನಿತ್ರಾಣರಾಗಿದ್ದಿರಬಹುದಲ್ಲ ಅಂತ ಕೇಳುವವರು ಇರುತ್ತಾರೆ, ನಮ್ಮ ಟೀಮಿನಲ್ಲೂ ಒಬ್ಬ ಕೇಳಿದ. ಅಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕಟ್ಟುವುದಕ್ಕೂ ಗಾಯಕ್ಕೂ ಇದ್ದ ಸಂಬಂಧ ಉಳಿದುಕೊಂಡಿತು. 1992ರ ಅಧ್ಯಯನ ಇದು. ಅದೇ ವರ್ಷ ಸ್ಟೀವನ್ ಮೈಲ್ಸ್ ಎಂಬ ಡಾಕ್ಟರ್ ಇನ್ನೊಬ್ಬರ ಜೊತೆ ಸೇರಿ, ಕಟ್ಟಿದ ಪಟ್ಟಿಯಿಂದಲೇ ಸತ್ತ 122 ಜನರ ವಿವರ ಪ್ರಕಟಿಸಿದರು. ಮಂಚದಿಂದಲೋ ಕುರ್ಚಿಯಿಂದಲೋ ಜಾರಿ, ಎದೆಯ ಪಟ್ಟಿಯಲ್ಲಿ ನೇತಾಡುತ್ತಾ ಉಸಿರುಕಟ್ಟಿ ಹೋದವರು. ಅವರಲ್ಲಿ ಹೆಚ್ಚಿನವರು ಎಂಬತ್ತರ ಆಸುಪಾಸಿನ ಹೆಂಗಸರು.

ಇದು ಹೇಗೆ ಅಂತ ನಮ್ಮ ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ತಿಂಗಳುಗಟ್ಟಲೆ ಗೂಟಕ್ಕೆ ಕಟ್ಟಿದ ಎತ್ತನ್ನು ಒಂದು ದಿನ ಬಿಚ್ಚಿ ನೇಗಿಲಿಗೆ ಹೂಡಿದರೆ ಕಾಲು ನಡುಗುತ್ತದೆ. ಮನುಷ್ಯನ ತೊಡೆಯ ಕಸುವೂ ಹಾಗೇ, ಬಳಸದಿದ್ದರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆಮೇಲೆ ಹೇಗೋ ಗಂಟು ಸಡಿಲ ಮಾಡಿಕೊಂಡು ಎದ್ದರೆ ಬೀಳದೇ ಇನ್ನೇನಾಗುತ್ತದೆ? ಬಿದ್ದದ್ದನ್ನು ನೋಡಿ ಇನ್ನೂ ಬಿಗಿಯಾಗಿ ಕಟ್ಟುತ್ತಾರೆ. ಇದರ ಮೇಲೆ ಹಾಸಿಗೆ ಹುಣ್ಣು, ಬಟ್ಟೆಯಲ್ಲೇ ಉಚ್ಚೆ, ರೊಚ್ಚು. ರೊಚ್ಚಿಗೆದ್ದರೆ ‘ಅಗ್ರೆಸಿವ್ ಪೇಶೆಂಟ್’ ಅಂತ ಫೈಲಿನಲ್ಲಿ ಬರೆದು ಮತ್ತೆ ಕಟ್ಟು.

ಇದನ್ನು ಬದಲಿಸಿದ್ದು ಯಾರೋ ಒಬ್ಬ ಹೀರೋ ಅಲ್ಲ. 1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನರ್ಸಿಂಗ್ ಹೋಮ್‌ಗಳ ಸ್ಥಿತಿಯ ಬಗ್ಗೆ ಒಂದು ದಪ್ಪ ವರದಿ ಕೊಟ್ಟಿತು. 1987ರ ಡಿಸೆಂಬರಿನಲ್ಲಿ ಬಜೆಟ್ ಸಂಬಂಧದ ಒಂದು ದೊಡ್ಡ ಕಾಯ್ದೆಯೊಳಗೆ ಸೇರಿಕೊಂಡು ಸುಧಾರಣೆಯ ಕಾನೂನು ಬಂತು. ಶಿಕ್ಷೆಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟುವಂತಿಲ್ಲ, ಔಷಧಿ ಕೊಟ್ಟು ಮಂಕು ಮಾಡುವಂತೆಯೂ ಇಲ್ಲ ಅಂತ ಅದರಲ್ಲಿತ್ತು. 1990ರಲ್ಲಿ ಜಾರಿಯಾಯಿತು. ಕಟ್ಟುವುದು ಅಂದರೆ ಏನು ಅನ್ನುವುದಕ್ಕೆ ನಿಯಮದಲ್ಲಿ ಕೊಟ್ಟ ಅರ್ಥ ನನಗೆ ಬಹಳ ಹಿಡಿಸಿತು, ಒಳ್ಳೆಯ ಸ್ಪೆಸಿಫಿಕೇಶನ್ ಹಾಗಿದೆ. ಹಗ್ಗವೇ ಇರಬೇಕಿಲ್ಲ. ಮೈಗೆ ತಾಗಿಕೊಂಡೋ ಪಕ್ಕದಲ್ಲೋ ಇದ್ದು, ಆ ಮನುಷ್ಯ ತಾನಾಗಿ ಸುಲಭಕ್ಕೆ ತೆಗೆಯಲಾಗದೆ ಓಡಾಟಕ್ಕೆ ಅಡ್ಡಬರುವ ಯಾವುದೂ ಕಟ್ಟಿಹಾಕಿದಂತೆಯೇ. ಮುಂದೆ ಹಲಗೆ ಲಾಕ್ ಆಗುವ ಕುರ್ಚಿಯೂ ಅಷ್ಟೇ, ಮಂಚಕ್ಕೆ ಬಿಗಿಯಾಗಿ ಸಿಕ್ಕಿಸಿದ ಬೆಡ್‌ಶೀಟೂ ಅಷ್ಟೇ.

ಕಾನೂನು ಬಂದ ಮಾತ್ರಕ್ಕೆ ಗಂಟು ಬಿಚ್ಚಿಕೊಳ್ಳುತ್ತದೆಯೇ? ಇಲ್ಲ. ಕಟ್ಟದೇ ನೋಡಿಕೊಳ್ಳಬಹುದು ಅಂತ ತೋರಿಸುವವರು ಬೇಕಿತ್ತು. ಪೆನ್ಸಿಲ್ವೇನಿಯಾದ ಕೆಂಡಲ್ ಅನ್ನೋ ಕ್ವೇಕರ್ ಹಿನ್ನೆಲೆಯ ಸಂಸ್ಥೆ 1973ರಲ್ಲಿ ಶುರುವಾದಾಗಿನಿಂದಲೂ ಯಾರನ್ನೂ ಕಟ್ಟಿರಲಿಲ್ಲ. ‘ಮುದುಕರ ಕಟ್ಟು ಬಿಚ್ಚಿ’ ಅಂತ ಪ್ರಚಾರ ಶುರುಮಾಡಿ, 1989ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೋಗಿ ತೋರಿಸಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರೊಫೆಸರುಗಳಾದ ಲೋಯಿಸ್ ಇವಾನ್ಸ್, ನೆವಿಲ್ ಸ್ಟ್ರಂಫ್ ಇಬ್ಬರೂ ಇದನ್ನೇ ಜೀವಮಾನದ ಕೆಲಸ ಮಾಡಿಕೊಂಡರು. ಅವರ ವಿಧಾನದಲ್ಲಿ ಮ್ಯಾಜಿಕ್ ಏನೂ ಇಲ್ಲ. ಈ ಮನುಷ್ಯ ಯಾಕೆ ಏಳುತ್ತಿದ್ದಾನೆ ಅಂತ ಕೇಳು. ಉಚ್ಚೆಗೆ ಅವಸರವೋ, ಬೆನ್ನು ನೋವೋ, ಬಾಯಾರಿಕೆಯೋ, ಹೊಸ ಮಾತ್ರೆಯಿಂದ ತಲೆ ಸುತ್ತುತ್ತಿದೆಯೋ, ಕನ್ನಡಕ ಕಾಣದೋ, ಸುಮ್ಮನೆ ಬೇಜಾರೋ. ಗೊತ್ತಾದ ಮೇಲೆ ಅದಕ್ಕೆ ತಕ್ಕ ಹಾಗೆ ಮಾಡು: ತಗ್ಗಿನ ಮಂಚ, ಪಕ್ಕದಲ್ಲಿ ನೆಲಕ್ಕೊಂದು ಹಾಸಿಗೆ, ಹೊತ್ತಿಗೆ ಸರಿಯಾಗಿ ಟಾಯ್ಲೆಟ್ಟಿಗೆ ಕರೆದೊಯ್ಯುವುದು, ಮೈಗೆ ಹೊಂದುವ ಕುರ್ಚಿ, ದಿನಾ ನಾಲ್ಕು ಹೆಜ್ಜೆ ನಡೆಸುವುದು. ನಾವು ಪ್ರೊಡಕ್ಷನ್ನಿನಲ್ಲಿ ಏನಾದರೂ ಬಿದ್ದಾಗ ‘ರೂಟ್ ಕಾಸ್ ಏನು’ ಅಂತ ಮೀಟಿಂಗ್ ಕರೆಯುತ್ತೇವಲ್ಲ, ಅದೇ. ಅಲ್ಲಿ ಪ್ರತಿ ಮುದುಕನಿಗೂ ಒಬ್ಬ ನರ್ಸು ಕೂತು ಮಾಡಿದಳು.

ಫಲ? 2010ರ ದಶಕದ ಮಧ್ಯದ ಹೊತ್ತಿಗೆ ಕಟ್ಟಿಸಿಕೊಂಡವರ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಹತ್ತಕ್ಕೆ ನಾಲ್ಕರಿಂದ ಇಲ್ಲಿಗೆ. ನೂರು ಹಕ್ಕಿಯ ಕಥೆಗಿಂತ ಇದು ದೊಡ್ಡ ಕಥೆ ಅಲ್ಲವೇ?

ಹಾಗಾದರೆ ಗವಾಂಡೆಯಂಥ ಒಳ್ಳೆಯ ಬರಹಗಾರರು ಇದನ್ನು ಯಾಕೆ ಹರಡಿ ಹೇಳಲಿಲ್ಲ? ಹೇಳಲು ಕಷ್ಟ, ಅದಕ್ಕೆ ಅಂತ ನನ್ನ ಊಹೆ. ಇನ್‌ಸ್ಪೆಕ್ಟರ್ ಬಂದು ಫಾರ್ಮ್ ತುಂಬುವುದರಲ್ಲಿ ಕಣ್ಣು ತುಂಬಿಸುವಂಥದ್ದು ಏನಿದೆ? ನಮ್ಮಂಥ ಓದುಗರಿಗಂತೂ ಸ್ಟಾರ್ಟ್‌ಅಪ್ ಕಥೆಯೇ ರುಚಿ. ಒಬ್ಬ ಹುಡುಗ ಬಂದ, ಎಲ್ಲರೂ ಆಗಲ್ಲ ಅಂದರು, ಅವನು ಮಾಡಿ ತೋರಿಸಿದ. ಬಿಲ್ ಥಾಮಸ್ ಆ ಅಚ್ಚಿಗೆ ಸರಿಯಾಗಿ ಕೂರುತ್ತಾರೆ. ರಾತ್ರಿ ಪಾಳಿಯ ನರ್ಸು ಕೂರುವುದಿಲ್ಲ.

ಕಾನೂನಿನ ಕಥೆಯೂ ಸುಖಾಂತ್ಯವೇನಲ್ಲ. ಪಟ್ಟಿ ಬಿಚ್ಚಿದ ಕಡೆ ಮಾತ್ರೆ ಬಂತು. ಮರೆವಿನ ಕಾಯಿಲೆಯ ಮುದುಕರಿಗೆ ಮನೋರೋಗದ ಬಲವಾದ ಮಾತ್ರೆ ಕೊಟ್ಟು ಕೂರಿಸುವುದು. ಈ ಮಾತ್ರೆಗಳಿಂದ ಅಂಥವರಲ್ಲಿ ಸಾವು ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು. 2012ರಲ್ಲಿ ಸರ್ಕಾರ ಇದನ್ನೂ ಎಣಿಸಿ ಇಳಿಸಲು ಹೊರಟಿತು. ಆದರೆ ಸ್ಕಿಜೋಫ್ರೇನಿಯಾ ಇದ್ದವರನ್ನು ಲೆಕ್ಕದಿಂದ ಹೊರಗಿಟ್ಟಿತ್ತು, ಅವರಿಗೆ ಆ ಮಾತ್ರೆ ನಿಜವಾಗಿ ಬೇಕು ಅಂತ. ಏನಾಗಿರಬಹುದು ಊಹಿಸಿ. ಎಂಬತ್ತು ವರ್ಷದ ಮುದುಕರ ಫೈಲಿನಲ್ಲಿ ಇದ್ದಕ್ಕಿದ್ದಂತೆ ಸ್ಕಿಜೋಫ್ರೇನಿಯಾ ಕಾಣಿಸಿಕೊಳ್ಳತೊಡಗಿತು. 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆ ತಂದಿತು, 2023ರಲ್ಲಿ ಸರ್ಕಾರ ಆ ಫೈಲುಗಳ ತಪಾಸಣೆ ಶುರುಮಾಡಿತು. ಡ್ಯಾಶ್‌ಬೋರ್ಡ್ ಹಸಿರು ಮಾಡಲು ಬಗ್ಗನ್ನು ‘ನಾಟ್ ಎ ಬಗ್’ ಅಂತ ಮುಚ್ಚುವವರನ್ನು ನಾವೂ ದಿನಾ ನೋಡುತ್ತೇವೆ. ನ್ಯಾಯವಾಗಿ ಹೇಳುವುದಾದರೆ, ಈ ವಿಷಯದಲ್ಲಿ ಥಾಮಸ್ ಮುಂದಿದ್ದರು. ಅವರ ಹೋಮಿನಲ್ಲಿ ಮಂಕು ಮಾಡುವ ಮಾತ್ರೆಗಳೇ ಹೆಚ್ಚು ಇಳಿದದ್ದು, ಗವಾಂಡೆ ಅದನ್ನು ಬರೆದೂ ಇದ್ದಾರೆ.

ಇಷ್ಟೆಲ್ಲ ಅಮೆರಿಕದ ಪುರಾಣ ನಮಗ್ಯಾಕೆ ಅನ್ನಬೇಡಿ. ಕಳೆದ ವರ್ಷ ನಮ್ಮ ದೊಡ್ಡಪ್ಪನನ್ನು ಬೆಂಗಳೂರಿನ ಇಂಥದೊಂದು ಹೋಮಿಗೆ ಸೇರಿಸಿದೆವು. ಹೆಸರು ಬೇಡ. ದೊಡ್ಡಮ್ಮ ಇಲ್ಲ, ಮಗ ದುಬೈಯಲ್ಲಿ, ಸೈನ್ ಮಾಡಲು ಹೋಗಿದ್ದು ನಾನು. ಒಂಬತ್ತು ಪುಟದ ಫಾರ್ಮಿನ ಆರನೇ ಪುಟದಲ್ಲಿ, ಸುರಕ್ಷತೆಗೆ ಅಗತ್ಯವೆನಿಸಿದಾಗ ದೈಹಿಕವಾಗಿ ನಿರ್ಬಂಧಿಸಲು ಕುಟುಂಬದ ಒಪ್ಪಿಗೆ ಇದೆ ಅಂತ ಒಂದು ಸಾಲು. ಯಾರಿಗೆ ಅನಿಸಿದಾಗ, ಎಷ್ಟು ಹೊತ್ತು, ಎಲ್ಲಿ ಬರೆದಿಡುತ್ತಾರೆ, ಒಂದೂ ಇಲ್ಲ. ‘ಎಲ್ಲಾರೂ ಸೈನ್ ಮಾಡ್ತಾರೆ ಸಾರ್, ಫಾರ್ಮಾಲಿಟಿ ಅಷ್ಟೇ’ ಅಂದರು ಮ್ಯಾನೇಜರ್. ನಾನು ಆ ಸಾಲು ಹೊಡೆದುಹಾಕಿದೆ. ‘ಹಂಗಾದ್ರೆ ಬಿದ್ರೆ ನಮ್ಮ ಜವಾಬ್ದಾರಿ ಇಲ್ಲ ಅಂತ ಬರ್ಕೊಡಿ’ ಅಂದರು. ಬರೆದುಕೊಟ್ಟೆ.

ದೊಡ್ಡಪ್ಪ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಬಾಗಿಲ ಕಡೆ ನಡೆಯುತ್ತಾರೆ. ಹೋಮಿನವರ ಪುಸ್ತಕದಲ್ಲಿ ಅದು ‘ವಾಂಡರಿಂಗ್’. ಎಲ್ಲಿಗೆ ಅಂತ ಯಾರೂ ಕೇಳಿರಲಿಲ್ಲ. ತಿಪಟೂರಿನ ಕಡೆ ತೆಂಗಿನ ತೋಟ ನೋಡಿಕೊಂಡಿದ್ದ ಮನುಷ್ಯ ಅವರು. ನಮ್ಮೂರಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಕೊಡುವುದು ಎಷ್ಟೋ ಸಲ ಸರಿರಾತ್ರಿಯಲ್ಲೇ. ವರ್ಷಾನುಗಟ್ಟಲೆ ಆ ಹೊತ್ತಿಗೆ ಎದ್ದು ಟಾರ್ಚ್ ಹಿಡಿದು ಮೋಟಾರ್ ಹಾಕಲು ಹೋದವರು. ಈಗಲೂ ಮೋಟಾರ್ ಹಾಕಲೇ ಏಳುತ್ತಿದ್ದಾರೆ. ರಾಯಚೂರಿನ ಕಡೆಯ ಅಟೆಂಡರ್ ಹುಡುಗಿಗೆ ಇದನ್ನು ಹೇಳಿದೆ. ಅವಳು ಜಾಣೆ. ‘ಅಜ್ಜಾರ, ಕರೆಂಟ್ ಇನ್ನಾ ಬಂದಿಲ್ರಿ, ಮಕ್ಕೊರಿ’ ಅಂದರೆ ಎಷ್ಟೋ ರಾತ್ರಿ ಹೋಗಿ ಮಲಗುತ್ತಾರಂತೆ. ಆದರೆ ಅವಳ ಮಾತು ಇನ್ನೂ ಇತ್ತು: ‘ರಾತ್ರಿ ನಾನೊಬ್ಬಾಕಿನ ರೀ, ಹದಿನಾಕ್ ಮಂದಿ ಅದಾರ. ಇಬ್ಬರು ಒಮ್ಮಿಗೇ ಎದ್ರ ಏನ್ ಮಾಡ್ಲಿ?’ ಪಕ್ಕದ ಮಂಚದ ಅಜ್ಜಿಯ ಮಣಿಕಟ್ಟಿಗೆ ವೇಲ್ ಸುತ್ತಿತ್ತು. ಅವಳೂ ನೋಡಿದಳು, ನಾನೂ ನೋಡಿದೆ.

ಹಳ್ಳಿಯಲ್ಲಾದರೆ ಹೀಗಾಗುತ್ತಿರಲಿಲ್ಲ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಆಗುತ್ತಿತ್ತು. ನಮ್ಮ ಬೀದಿಯಲ್ಲೇ ಮರೆವಾದ ಒಬ್ಬ ಅಜ್ಜಿ ಇದ್ದರು. ಬಾವಿ ಕಡೆ ಹೋದರೆ ಯಾರಾದರೂ ಕೈಹಿಡಿದು ಕರೆತರುತ್ತಿದ್ದರು. ಬಿತ್ತನೆ ದಿನಗಳಲ್ಲಿ ಮಾತ್ರ, ಊರಿಗೆ ಊರೇ ಹೊಲದಲ್ಲಿದ್ದಾಗ, ಹಳೇ ಸೀರೆಯಲ್ಲಿ ಪಡಸಾಲೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದರು. ಕೈ ಕಡಿಮೆಯಾದ ದಿನ ಹಗ್ಗ ಬರುತ್ತಿತ್ತು. ಗವಾಂಡೆಯೂ ಉಟಿಯ ಬದುಕನ್ನು ಸ್ವರ್ಗ ಮಾಡಿ ಬರೆದಿಲ್ಲ, ಅದು ನಿಂತಿದ್ದೇ ಮನೆಯ ಹೆಂಗಸರ, ಚಿಕ್ಕವರ ದುಡಿಮೆಯ ಮೇಲೆ ಅನ್ನೋದು ಅವರಿಗೆ ಗೊತ್ತು.

ಈ ವರ್ಷ ಮೇ ತಿಂಗಳಲ್ಲಿ ದೊಡ್ಡಪ್ಪ ಬಿದ್ದರು. ಮೊಣಕೈ ತರಚಿ, ಹಣೆ ಊದಿತ್ತು. ದುಬೈಯಿಂದ ಅಣ್ಣ ಫೋನ್ ಮಾಡಿದ. ‘ಕಟ್ಟಿದ್ರೆ ಬೀಳ್ತಿರ್ಲಿಲ್ಲ ಅಲ್ವೇನೋ?’ ಟಿನೆಟಿಯ ಅಂಕಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ನೂರಕ್ಕೆ ಐದು ಜನದ ಮಕ್ಕಳಿಗೆ ಏನು ಹೇಳ್ತೀಯ?’ ಅಂದ. ಸರಿಯಾದ ಪ್ರಶ್ನೆ. ಬೀಳುವುದು ಸೊನ್ನೆಗೆ ಇಳಿಯುವ ಲೆಕ್ಕ ಎಲ್ಲೂ ಇಲ್ಲ. ಇರುವುದು ಎಷ್ಟು ಬೀಳುವುದನ್ನು ಯಾವ ಬದುಕಿಗಾಗಿ ಒಪ್ಪಿಕೊಳ್ಳುತ್ತೇವೆ ಅನ್ನುವ ಲೆಕ್ಕ ಮಾತ್ರ. ಉಟಿಯ ಅಜ್ಜ ಸತ್ತದ್ದೂ ಬಿದ್ದೇ. ಕೋರ್ಟಿನ ಕೆಲಸಕ್ಕೆ ಹೋಗಲು ಹೊರಟವರು ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಈ ಪ್ರಶ್ನೆಯ ಹತ್ತಿರ ನನ್ನ ಕೈಹಿಡಿದು ಕರೆದುಕೊಂಡು ಹೋದದ್ದು ‘ಬೀಯಿಂಗ್ ಮಾರ್ಟಲ್’ ಪುಸ್ತಕವೇ. ಅಣ್ಣನಿಗೂ ಒಂದು ಪ್ರತಿ ಕಳಿಸಿದ್ದೇನೆ.

ಆದರೆ ಪುಸ್ತಕ ಓದಿ ಮುಗಿಸಿದವರು ಹೋಮ್ ನೋಡಲು ಹೋದಾಗ ಏನು ಹುಡುಕುತ್ತಾರೆ? ಗಿಡ ಇದೆಯಾ, ಅಕ್ವೇರಿಯಂ ಇದೆಯಾ, ಭಾನುವಾರ ಭಜನೆ ಇದೆಯಾ. ಬೆಂಗಳೂರಿನ ಹೋಮ್‌ನವರಿಗೂ ಇದು ಗೊತ್ತಾಗಿದೆ, ನಾನು ನೋಡಿದ ಮೂರರಲ್ಲಿ ಎರಡರ ರಿಸೆಪ್ಷನ್ನಿನಲ್ಲಿ ಲವ್ ಬರ್ಡ್ಸ್ ಪಂಜರ ಇತ್ತು. ರಾತ್ರಿ ಪಾಳಿಗೆ ಎಷ್ಟು ಜನ ಅಂತ ಕೇಳಿದರೆ ಮೂರರಲ್ಲೂ ನೇರ ಉತ್ತರ ಬರಲಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಈ ಪ್ರಶ್ನೆಗೆ ಸಂಬಂಧಪಟ್ಟ ಮಾತಿದೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು, ಅದೂ ಮನೋವೈದ್ಯರ ಅನುಮತಿಯಿಂದ, ಸಿಬ್ಬಂದಿ ಸಾಲದು ಅನ್ನುವ ಕಾರಣಕ್ಕೆ ಕಟ್ಟುವಂತೆಯೇ ಇಲ್ಲ. ಅದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಬರೆದ ಕಾನೂನು. ಹಿರಿಯ ನಾಗರಿಕರಿಗಾಗಿ ಇರುವ 2007ರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮ ಬೇಕು, ಕನಿಷ್ಠ 150 ಜನಕ್ಕೆ ಜಾಗ ಇರಬೇಕು ಅನ್ನುತ್ತದೆ. ದೊಡ್ಡಪ್ಪ ಇರುವ ಹೋಮಿನಲ್ಲಿ ಈಗಲೂ ರಾತ್ರಿ ಹದಿನಾಲ್ಕು ಜನಕ್ಕೆ ಒಬ್ಬಳೇ. ಇನ್ನೊಬ್ಬರನ್ನು ಇಟ್ಟರೆ ತಿಂಗಳಿಗೆ ತಲಾ ಎಷ್ಟು ಹೆಚ್ಚಾಗುತ್ತದೆ ಅಂತ ಮ್ಯಾನೇಜರಿಗೆ ಮೇಲ್ ಹಾಕಿದ್ದೇನೆ. ಉಳಿದ ಹದಿಮೂರು ಮನೆಯವರ ಫೋನ್ ನಂಬರ್ ಕೂಡಿಸುತ್ತಿದ್ದೇನೆ, ಇಲ್ಲಿಯವರೆಗೆ ಐದು ಸಿಕ್ಕಿವೆ.